ವಿಡಿಯೋನಾ, ಲಿಂಕಾ, ಬಿಲ್ಡಾ? ಡಿಜಿಟಲ್ ಆರ್ಟ್ಸ್ ಫೈನಲ್ ಪ್ರಾಜೆಕ್ಟನ್ನು ದೂರದಿಂದ ಒಪ್ಪಿಸುವವರಿಗೆ

ಕಾಲೇಜಿನಲ್ಲೇ ನಿಂತು ಫೈನಲ್ ಜ್ಯೂರಿ (ಪರೀಕ್ಷಕರ ಮುಂದೆ ಕೃತಿ ತೋರಿಸುವುದು) ಕೊಡುವುದರಲ್ಲಿ ಒಂದು ಸುಖ ಇದೆ. ಕಂಪ್ಯೂಟರ್ ನಿಮ್ಮದು, ಪ್ರೊಜೆಕ್ಟರ್ ನೀವೇ ಜೋಡಿಸಿದ್ದು. ಏನಾದರೂ ಕೈಕೊಟ್ಟರೆ "ಒಂದ್ನಿಮಿಷ ಮೇಡಂ" ಎಂದು ರೀಸ್ಟಾರ್ಟ್ ಮಾಡಬಹುದು. ದೂರದಿಂದ ಸಬ್ಮಿಟ್ ಮಾಡುವವರಿಗೆ ಆ ಒಂದು ನಿಮಿಷ ಸಿಗುವುದಿಲ್ಲ. ಎಕ್ಸಾಮಿನರ್ ನಿಮ್ಮ ಲಿಂಕ್ ಒತ್ತುವ ಹೊತ್ತಿಗೆ ನೀವು ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ನಿದ್ದೆಯಲ್ಲಿರಬಹುದು.

ಹೀಗೆ ಸಬ್ಮಿಟ್ ಮಾಡುವವರು ಈಗ ಕಡಿಮೆಯೇನಿಲ್ಲ. ಮನೆಯಲ್ಲೇ ಕೂತು ಬ್ರಿಟನ್ನಿನ ಆನ್‌ಲೈನ್ ಡಿಗ್ರಿ ಓದುವವರಿದ್ದಾರೆ. ಕೊನೆಯ ಸೆಮಿಸ್ಟರ್‌ಗೆ ಇಂಟರ್ನ್‌ಶಿಪ್ ಹಿಡಿದು ಬೇರೆ ಊರಿಗೆ ಹೋದವರಿದ್ದಾರೆ. ಓದು ಅಲ್ಲಿ ಮುಗಿಸಿ, ವೀಸಾ ಮುಗಿದು, ಸಬ್ಮಿಷನ್ ಮಾತ್ರ ಇಲ್ಲಿಂದ ಮಾಡುವವರೂ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ನಂಥ ದೊಡ್ಡ ಸಂಸ್ಥೆಗಳೇ ಡಿಗ್ರಿ ಶೋಗಳನ್ನು ವೆಬ್‌ಗೆ ಒಯ್ದವು. ಆಮೇಲೆ ದೂರದ ಮೌಲ್ಯಮಾಪನ ಯಾರಿಗೂ ವಿಚಿತ್ರ ಅನಿಸುತ್ತಿಲ್ಲ.

ಹಾಗಾದರೆ ಯಾವುದನ್ನು ಕಳಿಸಬೇಕು, ಎಲ್ಲಿಡಬೇಕು, ಹೇಗೆ ತೋರಿಸಬೇಕು? ದಾರಿಗಳು ಬೇಕಾದಷ್ಟಿವೆ. ಅವುಗಳ ನಡುವೆ ಆರಿಸುವಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಕೆಲಸ ನೋಡಲು ಎಕ್ಸಾಮಿನರ್ ಏನೇನು ಮಾಡಬೇಕಾಗುತ್ತದೆ? ಇನ್‌ಸ್ಟಾಲ್ ಮಾಡಬೇಕಾ, ಲಾಗಿನ್ ಆಗಬೇಕಾ, ಫಾಂಟ್ ಹುಡುಕಬೇಕಾ? ಅವರಿಗೆ ಕೊಡುವ ಪ್ರತಿಯೊಂದು ಕೆಲಸವೂ ನಿಮ್ಮ ಪ್ರಾಜೆಕ್ಟ್ ತೆರೆಯದೇ ಹೋಗುವ ಒಂದೊಂದು ಅವಕಾಶ. ಅವರ ಮುಂದೆ ನಿಮ್ಮದೊಂದೇ ಪ್ರಾಜೆಕ್ಟ್ ಇರುವುದಿಲ್ಲ. ಅವರು ಬಳಸುತ್ತಿರುವುದು ಆಫೀಸಿನ ಸಾಮಾನ್ಯ ಲ್ಯಾಪ್‌ಟಾಪ್ ಆಗಿರಬಹುದು, ಅದರಲ್ಲಿ ಸಾಫ್ಟ್‌ವೇರ್ ಹಾಕಲು ಅವರಿಗೇ ಅನುಮತಿ ಇಲ್ಲದಿರಬಹುದು.

ಮೊದಲು ಬ್ರೀಫ್ ಓದಿ

ಇದನ್ನು ಹೇಳಬೇಕಾ ಅನಿಸುತ್ತದೆ, ಆದರೂ ಹೇಳುತ್ತೇನೆ. ಬ್ರೀಫ್‌ನಲ್ಲಿ, ಎಂದರೆ ಕೋರ್ಸ್ ಕೊಡುವ ಪ್ರಾಜೆಕ್ಟ್ ಸೂಚನೆಯಲ್ಲಿ, ಇಲ್ಲವೇ ಹ್ಯಾಂಡ್‌ಬುಕ್‌ನಲ್ಲಿ ಅಂಕ ಯಾವುದಕ್ಕೆ ಎಂದು ಬರೆದಿರುತ್ತಾರೆ. ಕೆಲವು ಕೋರ್ಸ್‌ಗಳಲ್ಲಿ ಮುಗಿದ ಕೃತಿಗೇ ಹೆಚ್ಚಿನ ಅಂಕ. ಕೆಲವು ಕಡೆ ಪ್ರೊಸೆಸ್ ಬುಕ್ (ಕೆಲಸ ಬೆಳೆದು ಬಂದ ಬಗೆಯ ದಾಖಲೆ) ಮತ್ತು ಬರಹಕ್ಕೂ ಅಷ್ಟೇ ತೂಕ. ಎರಡನೆಯ ಥರದ ಕೋರ್ಸ್‌ನಲ್ಲಿ ಕೃತಿಯನ್ನು ವಿಡಿಯೋ ಮಾಡಿ ಕಳಿಸಿದರೆ ಸಾಕಾಗಬಹುದು. ಮೊದಲನೆಯದರಲ್ಲಿ ಇಂಟರ‍್ಯಾಕ್ಟಿವ್ ಕೆಲಸದ ಬರೀ ವಿಡಿಯೋ ಕಳಿಸಿದರೆ "ಕೃತಿ ಎಲ್ಲಿ?" ಎಂದು ಕೇಳುತ್ತಾರೆ. ಅನುಮಾನ ಇದ್ದರೆ ಗೈಡ್‌ಗೆ ಮೇಲ್ ಮಾಡಿ ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ "ಹೂಂ, ಪರವಾಗಿಲ್ಲ" ಎಂದದ್ದನ್ನು ಬೋರ್ಡ್ ಮುಂದೆ ತೋರಿಸಲಾಗುವುದಿಲ್ಲ, ಅಲ್ವಾ?

ಬ್ರಿಟನ್ನಿನ ಕೋರ್ಸ್ ಆದರೆ ಇನ್ನೊಂದು ವಿಷಯ ಗೊತ್ತಿರಲಿ. ನಿಮ್ಮ ಟ್ಯೂಟರ್ ನೋಡಿದ ಮೇಲೆ ಇನ್ನೊಬ್ಬರು ಮಾಡರೇಟ್ ಮಾಡುತ್ತಾರೆ, ಎಂದರೆ ಕೊಟ್ಟ ಅಂಕ ಸರಿಯಿದೆಯಾ ಎಂದು ನೋಡುತ್ತಾರೆ. ಆಮೇಲೆ ಹೊರಗಿನ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೆಲವು ಪ್ರಾಜೆಕ್ಟ್‌ಗಳನ್ನು ಆರಿಸಿ ನೋಡುತ್ತಾರೆ. ಇದೆಲ್ಲ ಸಬ್ಮಿಷನ್ ಆಗಿ ವಾರಗಳ ಮೇಲೆ ನಡೆಯಬಹುದು. ಕೆಲವೇ ದಿನಗಳಲ್ಲಿ ಎಕ್ಸ್‌ಪೈರ್ ಆಗುವ ಫೈಲ್ ಟ್ರಾನ್ಸ್‌ಫರ್ ಲಿಂಕ್ ಕಳಿಸಿದರೆ ಟ್ಯೂಟರ್ ನೋಡಿರುತ್ತಾರೆ, ಎಕ್ಸ್‌ಟರ್ನಲ್‌ಗೆ ಖಾಲಿ ಪುಟ ಕಾಣುತ್ತದೆ.

ವಿಡಿಯೋ, ಓಡುವ ಕೃತಿ, ಲೈವ್ ಡೆಮೋ

ಮೂಲತಃ ಇರುವುದು ಈ ಮೂರೇ ದಾರಿ. ಉಳಿದದ್ದೆಲ್ಲ ಇವುಗಳ ಮರಿಗಳು.

ಅನಿಮೇಷನ್, ಮೋಷನ್ ಗ್ರಾಫಿಕ್ಸ್, ಕಿರುಚಿತ್ರ ಮಾಡಿದವರಿಗೆ ಚಿಂತೆ ಕಡಿಮೆ. ಅವರ ಕೃತಿಯೇ ವಿಡಿಯೋ. ಗೇಮ್, ವೆಬ್ ಆರ್ಟ್, ಸೆನ್ಸರ್ ಇಟ್ಟ ಇನ್‌ಸ್ಟಲೇಷನ್, ವಿಆರ್ ಮಾಡಿದವರಿಗೆ ವಿಡಿಯೋ ಎಂದರೆ ಕೃತಿಯ ಫೋಟೋ ಇದ್ದಂತೆ. ಆದರೂ ಅವರಿಗೂ ನಾನು ಹೇಳುವುದು ಇದನ್ನೇ: ಮೊದಲು ವಿಡಿಯೋ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಓಡುವ ಕೃತಿ ಕೊಡಿ. ಕೃತಿ ಅವರ ಕಡೆ ಓಡದೇ ಹೋದರೂ ಅಂಕ ಹಾಕಲು ವಿಡಿಯೋ ಕೈಯಲ್ಲಿರುತ್ತದೆ. ಓಡಿದರೆ ಇನ್ನೂ ಒಳ್ಳೆಯದು. ಎರಡರಲ್ಲಿ ಒಂದನ್ನೇ ಮಾಡಲು ಸಮಯ ಇದ್ದರೆ ವಿಡಿಯೋ ಮಾಡಿ. ಇದಕ್ಕೆ ಒಪ್ಪದವರೂ ಇದ್ದಾರೆ. ಇಂಟರ‍್ಯಾಕ್ಟಿವ್ ಕೃತಿಯನ್ನು ಮುಟ್ಟದೇ ಮೌಲ್ಯಮಾಪನ ಮಾಡುವುದು ತಪ್ಪು ಎನ್ನುವುದು ಅವರ ವಾದ. ತತ್ವದಲ್ಲಿ ಅವರು ಹೇಳುವುದೇ ಸರಿ. ಆದರೆ ಡೆಡ್‌ಲೈನ್ ದಿನ ತತ್ವ ಫೈಲ್ ತೆರೆದುಕೊಡುವುದಿಲ್ಲ.

ಡಾಕ್ಯುಮೆಂಟೇಷನ್ ವಿಡಿಯೋ ಎಂದರೆ ತುಂಬಾ ಜನ ಟ್ರೈಲರ್ ಮಾಡಿಬಿಡುತ್ತಾರೆ. ವೇಗದ ಕಟ್, ಹಿನ್ನೆಲೆಯಲ್ಲಿ ಡಬ್‌ಸ್ಟೆಪ್, ಕೊನೆಗೆ ಹೆಸರು. ಅದು ಇನ್‌ಸ್ಟಾಗ್ರಾಮ್‌ಗೆ ಚೆನ್ನಾಗಿರುತ್ತದೆ. ಎಕ್ಸಾಮಿನರ್‌ಗೆ ಬೇಕಾಗಿರುವುದು ಬೇರೆ. ಒತ್ತಿದಾಗ ಏನಾಗುತ್ತದೆ, ಎಷ್ಟು ಹೊತ್ತಿಗೆ ಆಗುತ್ತದೆ, ಮತ್ತೆ ಒತ್ತಿದರೆ? ಇದು ಕಾಣಬೇಕಾದರೆ ಕನಿಷ್ಠ ಒಂದು ಭಾಗವಾದರೂ ಕಟ್ ಇಲ್ಲದ ಒಂದೇ ಟೇಕ್ ಆಗಿರಬೇಕು. ಕೃತಿಯನ್ನು ಹಿಂದೆ ನೋಡಿರದ ಯಾರನ್ನಾದರೂ ಕೂರಿಸಿ, ತಂಗಿಯೋ ಪಕ್ಕದ ಮನೆಯವರೋ ಯಾರಾದರೂ ಆಗುತ್ತದೆ. ಅವರ ಭುಜದ ಹಿಂದೆ ಫೋನ್ ಇಟ್ಟು, ಕೈ ಮತ್ತು ಸ್ಕ್ರೀನ್ ಎರಡೂ ಫ್ರೇಮಿಗೆ ಬರುವ ಹಾಗೆ ಶೂಟ್ ಮಾಡಿ. ಅದೇ ಹೊತ್ತಿಗೆ ಓಬಿಎಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಕ್ರೀನ್ ರೆಕಾರ್ಡ್ ಆಗುತ್ತಿರಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟ್‌ನಲ್ಲಿ ಎರಡನ್ನೂ ಹೊಂದಿಸುವುದು ಸುಲಭ. ಆ ಮನುಷ್ಯ ತಡವರಿಸಿದ್ದು, ತಪ್ಪು ಜಾಗ ಒತ್ತಿದ್ದು, ಆಮೇಲೆ ಗೊತ್ತಾಗಿ ನಕ್ಕಿದ್ದು ಎಲ್ಲವನ್ನೂ ಉಳಿಸಿ. ಯೂಸರ್ ಟೆಸ್ಟಿಂಗ್ ಬಗ್ಗೆ ಪ್ರೊಸೆಸ್ ಬುಕ್‌ನಲ್ಲಿ ಎರಡು ಪುಟ ಬರೆಯುವುದಕ್ಕಿಂತ ಆ ಅರ್ಧ ನಿಮಿಷ ಜಾಸ್ತಿ ಹೇಳುತ್ತದೆ.

ಇನ್ನು ಲೈವ್ ಡೆಮೋ. ವೈವಾದಲ್ಲಿ ಸ್ಕ್ರೀನ್ ಶೇರ್ ಮಾಡಿ ತೋರಿಸುವುದು ಸುಲಭ ಅನಿಸುತ್ತದೆ, ಆದರೆ ಮೂರರಲ್ಲಿ ಅತ್ಯಂತ ಅಪಾಯದ್ದು ಅದೇ. ಕಾಲ್‌ನಲ್ಲಿ ಫ್ರೇಮ್‌ಗಳು ಉದುರುತ್ತವೆ, ನಯವಾದ ಚಲನೆ ಅಲ್ಲಿ ಕುಂಟುತ್ತದೆ. ಜೂಮ್‌ನಲ್ಲಿ ಶೇರ್ ಮಾಡುವಾಗ ಸೌಂಡ್ ಶೇರ್ ಮಾಡುವ ಟಿಕ್ ಹಾಕದಿದ್ದರೆ ನಿಮಗೆ ಕೇಳುವ ಸದ್ದು ಅವರಿಗೆ ಕೇಳುವುದೇ ಇಲ್ಲ. ಪಕ್ಕದಲ್ಲೇ ವಿಡಿಯೋ ಕ್ಲಿಪ್‌ಗೆ ಆಪ್ಟಿಮೈಸ್ ಮಾಡುವ ಟಿಕ್ ಇದೆ, ಅದನ್ನೂ ಹಾಕಿ. ಕೃತಿಯನ್ನು ಮೊದಲು ತೋರಿಸುವುದಕ್ಕೆ ಲೈವ್ ಡೆಮೋ ಬೇಡ. ಅವರು ಆಗಲೇ ನೋಡಿರುವ ಕೃತಿಯ ಬಗ್ಗೆ "ಇಲ್ಲಿ ಹೀಗೆ ಮಾಡಿದರೆ?" ಎಂದು ಕೇಳಿದಾಗ ತೋರಿಸಲು ಇಟ್ಟುಕೊಳ್ಳಿ.

ಬ್ರೌಸರ್‌ನಲ್ಲಿ ಓಡುವುದಾ, ಡೌನ್‌ಲೋಡ್ ಮಾಡುವುದಾ?

ಓಡುವ ಕೃತಿ ಕೊಡುವುದಾದರೆ ಬ್ರೌಸರ್‌ಗೇ ನನ್ನ ಓಟು. ಡೌನ್‌ಲೋಡ್ ಬಿಲ್ಡ್‌ಗೆ (ಇಳಿಸಿಕೊಂಡು ಓಡಿಸುವ ಆ್ಯಪ್‌ಗೆ) ದಾರಿಯುದ್ದಕ್ಕೂ ಗೇಟುಗಳು. ಸಹಿ ಇಲ್ಲದ ಆ್ಯಪ್ ತೆರೆದರೆ ವಿಂಡೋಸ್ ನೀಲಿ ಎಚ್ಚರಿಕೆ ತೋರಿಸುತ್ತದೆ. ಅಲ್ಲಿ "ಮೋರ್ ಇನ್ಫೋ" ಒತ್ತಿ ಆಮೇಲೆ "ರನ್ ಎನಿವೇ" ಒತ್ತಬೇಕು. ಮ್ಯಾಕ್‌ನಲ್ಲಿ ಇದು ಇನ್ನೂ ಬಿಗಿ. ಮ್ಯಾಕ್‌ಓಎಸ್‌ನ ಸಿಕೋಯಾ ಆವೃತ್ತಿ ಬಂದ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ತೆರೆಯುವ ಹಳೆಯ ಉಪಾಯವೂ ಹೋಯಿತು. ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯೂರಿಟಿಗೆ ಹೋಗಿಯೇ ಅನುಮತಿ ಕೊಡಬೇಕು. ಯಾರೋ ಸ್ಟೂಡೆಂಟ್ ಕಳಿಸಿದ ಫೈಲ್‌ಗಾಗಿ ಯೂನಿವರ್ಸಿಟಿಯ ಲ್ಯಾಪ್‌ಟಾಪ್‌ನಲ್ಲಿ ಇಷ್ಟೆಲ್ಲ ಮಾಡುತ್ತಾರೆ ಎಂದು ನಂಬಿಕೊಂಡು ಕೂರಬೇಡಿ.

ಹಾಗಂತ ಬ್ರೌಸರ್ ದಾರಿಯೂ ಹೂವಿನ ಹಾಸಿಗೆಯೇನಲ್ಲ. ಯೂನಿಟಿ ಎಂಬ ಗೇಮ್ ಎಂಜಿನ್‌ನಿಂದ ವೆಬ್‌ಜಿಎಲ್ (ಬ್ರೌಸರ್‌ನಲ್ಲಿ ಓಡುವ) ಬಿಲ್ಡ್ ಮಾಡಿ ಗಿಟ್‌ಹಬ್ ಪೇಜಸ್ ಎಂಬ ಉಚಿತ ವೆಬ್ ಹೋಸ್ಟಿಂಗ್‌ಗೆ ಹಾಕಿದವರು ಲೋಡಿಂಗ್ ಬಾರ್ ಮುಂದೆ ಹೋಗದೇ ನಿಂತಿದ್ದನ್ನು ನೋಡಿರುತ್ತಾರೆ. ಕಾರಣ ಸಾಮಾನ್ಯವಾಗಿ ಕಂಪ್ರೆಷನ್. ಬಿಲ್ಡ್ ಫೈಲ್‌ಗಳು ಕಂಪ್ರೆಸ್ ಆಗಿವೆ ಎಂದು ಸರ್ವರ್ ಬ್ರೌಸರ್‌ಗೆ ಹೇಳಬೇಕು, ಗಿಟ್‌ಹಬ್ ಪೇಜಸ್‌ನಲ್ಲಿ ಆ ಸೆಟ್ಟಿಂಗ್ ನಮ್ಮ ಕೈಯಲ್ಲಿಲ್ಲ. ಪಬ್ಲಿಷಿಂಗ್ ಸೆಟ್ಟಿಂಗ್ಸ್‌ನಲ್ಲಿ ಡಿಕಂಪ್ರೆಷನ್ ಫಾಲ್‌ಬ್ಯಾಕ್ ಆನ್ ಮಾಡಿ ಮತ್ತೆ ಬಿಲ್ಡ್ ಮಾಡಿದರೆ ಸರಿಹೋಗುತ್ತದೆ. ಇನ್ನೊಂದು ಗೇಮ್ ಎಂಜಿನ್ ಗೋಡೋ 4ರ ಮೊದಲ ಆವೃತ್ತಿಗಳಲ್ಲೂ ವೆಬ್ ಎಕ್ಸ್‌ಪೋರ್ಟ್‌ಗೆ ಸರ್ವರ್ ಕಡೆಯಿಂದ ವಿಶೇಷ ಹೆಡರ್ (ಬ್ರೌಸರ್‌ಗೆ ಕಳಿಸುವ ಸೂಚನೆ) ಬೇಕಿತ್ತು. 4.3ರಿಂದ ಒಂದೇ ಥ್ರೆಡ್‌ನ ಎಕ್ಸ್‌ಪೋರ್ಟ್ ಬಂದು ಆ ತಲೆನೋವು ಹೋಯಿತು. ಅನ್‌ರಿಯಲ್ 5 ಎಂಜಿನ್‌ನಲ್ಲಿ ಮಾಡಿದವರಿಗೆ ಬ್ರೌಸರ್ ಬಿಲ್ಡ್ ದಾರಿಯೇ ಇಲ್ಲ. ಅವರು ವಿಡಿಯೋವನ್ನೇ ಮುಖ್ಯ ಮಾಡಿ ಡೌನ್‌ಲೋಡ್ ಬಿಲ್ಡನ್ನು ಜೊತೆಗಿಡಲಿ.

ಪಿ5 (ಕಲಾವಿದರಿಗಾಗಿ ಮಾಡಿದ ಜಾವಾಸ್ಕ್ರಿಪ್ಟ್ ಲೈಬ್ರರಿ) ಅಥವಾ ಸಾದಾ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿದವರಿಗೆ ಎರಡು ಮಾತು. ಫೋಲ್ಡರನ್ನು ಜಿಪ್ ಮಾಡಿ "ಇಂಡೆಕ್ಸ್ ಫೈಲ್ ಡಬಲ್ ಕ್ಲಿಕ್ ಮಾಡಿ" ಎಂದು ಕಳಿಸಬೇಡಿ. ಹಾಗೆ ತೆರೆದಾಗ ಬ್ರೌಸರ್ ಸುರಕ್ಷತೆಯ ಹೆಸರಲ್ಲಿ ಚಿತ್ರಗಳನ್ನು, ಡೇಟಾ ಫೈಲ್‌ಗಳನ್ನು ಲೋಡ್ ಮಾಡಲು ಬಿಡುವುದಿಲ್ಲ. ನಿಮ್ಮ ಎಡಿಟರ್‌ನ ಲೈವ್ ಸರ್ವರ್‌ನಲ್ಲಿ ಓಡಿದ್ದು ಅವರಲ್ಲಿ ಬರೀ ಬೂದು ಚೌಕ. ಇನ್ನೊಂದು, ಫೈಲ್ ಹೆಸರು. ನಿಮ್ಮ ವಿಂಡೋಸ್‌ಗೆ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಲ್ಲಾ ಒಂದೇ. ಗಿಟ್‌ಹಬ್ ಪೇಜಸ್‌ಗೆ ಅವು ಬೇರೆ ಬೇರೆ ಫೈಲ್‌ಗಳು. ಕ್ಯಾಮೆರಾದಿಂದ ಬಂದ ಫೋಟೋದ ಹೆಸರಿನ ಕೊನೆಯಲ್ಲಿ ಜೆಪಿಜಿ ದೊಡ್ಡ ಅಕ್ಷರದಲ್ಲಿದ್ದು, ಕೋಡ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಮನೆಯಲ್ಲಿ ಎಲ್ಲಾ ಸರಿ, ವೆಬ್‌ನಲ್ಲಿ ಚಿತ್ರ ನಾಪತ್ತೆ.

ಸದ್ದು ಇರುವ ಕೃತಿಗೆ ಮೊದಲ ಪರದೆಯಲ್ಲಿ "ಶುರು ಮಾಡಲು ಒತ್ತಿ" ಎಂಬ ಬಟನ್ ಇಡಿ. ಬಳಸುವವರು ಎಲ್ಲಾದರೂ ಕ್ಲಿಕ್ ಮಾಡುವ ತನಕ ಕ್ರೋಮ್ ಸದ್ದು ಶುರುಮಾಡಲು ಬಿಡುವುದಿಲ್ಲ. ಕ್ಯಾಮೆರಾ, ಮೈಕ್ ಬಳಸುವ ಕೃತಿಯಾದರೆ ಪುಟ ಎಚ್‌ಟಿಟಿಪಿಎಸ್‌ನಲ್ಲೇ ಇರಬೇಕು. ಜೊತೆಗೆ ಅನುಮತಿ ಕೇಳುವ ಮುಂಚೆ ಯಾಕೆ ಕೇಳುತ್ತಿದ್ದೀರಿ ಎಂದು ಒಂದು ಸಾಲು ಬರೆಯಿರಿ. ಸುಮ್ನೆ ಕ್ಯಾಮೆರಾ ಕೇಳಿದರೆ ಯಾರಾದರೂ "ಬ್ಲಾಕ್" ಒತ್ತುತ್ತಾರೆ.

ಲೈವ್ ದೃಶ್ಯ ಮಾಡಲು ಬಳಸುವ ಟಚ್‌ಡಿಸೈನರ್‌ನಂಥ ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಫೈಲನ್ನೇ ಕಳಿಸಿ ಕೈತೊಳೆದುಕೊಳ್ಳಬೇಡಿ. ಉಚಿತ ಆವೃತ್ತಿಯಲ್ಲಿ ರೆಸಲ್ಯೂಷನ್ 1280×1280ಕ್ಕೆ ನಿಲ್ಲುತ್ತದೆ ಎನ್ನುವುದೂ ನೆನಪಿರಲಿ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಡಿಸೈನ್ ಮಾಡಿದರೆ ಕೊನೆಯಲ್ಲಿ ಬೇಜಾರಿಲ್ಲ. ಮೂಲ ಫೈಲ್ ಕೇಳಿಯೇ ಕೇಳಿದರೆ ಎಲ್ಲವನ್ನೂ ಕಟ್ಟಿ ಕಳಿಸಿ. ಬ್ಲೆಂಡರ್‌ನಲ್ಲಿ ಎಕ್ಸ್‌ಟರ್ನಲ್ ಡೇಟಾ ಮೆನುವಿನ ಪ್ಯಾಕ್ ರಿಸೋರ್ಸಸ್, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕಲೆಕ್ಟ್ ಫೈಲ್ಸ್ ಇರುವುದು ಇದಕ್ಕೇ. ಇಲ್ಲದಿದ್ದರೆ ಬ್ಲೆಂಡರ್ ಸೀನ್ ತೆರೆದಾಗ ಟೆಕ್ಸ್ಚರ್ ಇರಬೇಕಾದ ಕಡೆಯೆಲ್ಲ ಗುಲಾಬಿ ಬಣ್ಣ.

ಎಲ್ಲಿಡುವುದು?

ಯೂನಿವರ್ಸಿಟಿಯ ಸ್ವಂತ ಪೋರ್ಟಲ್ ತೆಗೆದುಕೊಳ್ಳುವಷ್ಟನ್ನು ಅಲ್ಲಿಗೇ ಹಾಕಿ. ಅಧಿಕೃತ ದಾಖಲೆ ಅದೊಂದೇ. ಆದರೆ ಗಾತ್ರದ ಮಿತಿ ಇರುತ್ತದೆ. ಟರ್ನಿಟಿನ್ (ನಕಲು ಪತ್ತೆಹಚ್ಚುವ ಸಬ್ಮಿಷನ್ ವ್ಯವಸ್ಥೆ) ಮೂಲಕವಾದರೆ 100 ಎಂಬಿಗೆ ಮುಗಿಯಿತು. ಆದ್ದರಿಂದ ಸಾಮಾನ್ಯವಾಗಿ ಒಂದು ಪಿಡಿಎಫ್ ಹಾಕಿ, ಅದರೊಳಗೆ ದೊಡ್ಡ ಫೈಲ್‌ಗಳ ಲಿಂಕ್ ಕೊಡುತ್ತೇವೆ. ಆ ಲಿಂಕ್ ಎಲ್ಲಿಗೆ ಎನ್ನುವುದೇ ಪ್ರಶ್ನೆ.

ಯೂಟ್ಯೂಬ್ ಎಲ್ಲಾ ಕಡೆ ಓಡುತ್ತದೆ, ನಿಧಾನ ನೆಟ್‌ನಲ್ಲೂ ಓಡುತ್ತದೆ, ದುಡ್ಡಿಲ್ಲ. ಅನ್‌ಲಿಸ್ಟೆಡ್ ಎಂದು ಹಾಕಿ. ಪ್ರೈವೇಟ್ ಎಂದು ಹಾಕಿದರೆ ನೀವು ಕರೆದ ಗೂಗಲ್ ಖಾತೆಯವರಿಗೆ ಮಾತ್ರ ತೆರೆಯುತ್ತದೆ, ಎಕ್ಸ್‌ಟರ್ನಲ್ ಯಾರೆಂದು ನಿಮಗೆ ಗೊತ್ತಿಲ್ಲವಲ್ಲ. ಸಮಸ್ಯೆ ಎರಡು. ಬೇರೆಯವರ ಸಂಗೀತ ಬಳಸಿದ್ದರೆ ಕಾಪಿರೈಟ್ ವ್ಯವಸ್ಥೆ ಹಿಡಿದು, ಕೆಲವೊಮ್ಮೆ ಕೆಲವು ದೇಶಗಳಲ್ಲಿ ಮಾತ್ರ ವಿಡಿಯೋ ತೆರೆಯದ ಹಾಗೆ ಮಾಡುತ್ತದೆ. ನಿಮಗೆ ಇಲ್ಲಿ ಕಾಣುತ್ತಿರುತ್ತದೆ, ಅವರಿಗೆ ಅಲ್ಲಿ ಕಾಣುವುದಿಲ್ಲ. ಎರಡನೆಯದು ಕಂಪ್ರೆಷನ್. ಗ್ರೇನ್, ಪಾರ್ಟಿಕಲ್ಸ್, ಗ್ಲಿಚ್ ಇರುವ ಕೆಲಸ ಯೂಟ್ಯೂಬ್‌ನಲ್ಲಿ ಕಲಸಿದ ಅಂಬಲಿಯಾಗುತ್ತದೆ. 1080ಪಿ ವಿಡಿಯೋವನ್ನು 4ಕೆಗೆ ಹಿಗ್ಗಿಸಿ ಅಪ್‌ಲೋಡ್ ಮಾಡಿದರೆ ಅದು ಜಾಸ್ತಿ ಬಿಟ್‌ರೇಟ್ ಕೊಡುತ್ತದೆ, ಸ್ವಲ್ಪ ಉಳಿಯುತ್ತದೆ. ನೋಡುವವರು ಕ್ವಾಲಿಟಿ 4ಕೆ ಇಟ್ಟುಕೊಳ್ಳಬೇಕು, ಅದನ್ನು ಪಿಡಿಎಫ್‌ನಲ್ಲಿ ಲಿಂಕ್ ಪಕ್ಕದಲ್ಲೇ ಬರೆಯಿರಿ. ಒಮ್ಮೆ ಹಾಕಿದ ಫೈಲನ್ನು ಅದೇ ಲಿಂಕ್‌ನಲ್ಲಿ ಬದಲಿಸಲು ಯೂಟ್ಯೂಬ್‌ನಲ್ಲಿ ಆಗುವುದಿಲ್ಲ. ವಿಮಿಯೋದ ಪೇಯ್ಡ್ ಪ್ಲ್ಯಾನ್‌ನಲ್ಲಿ ಅದು ಸಾಧ್ಯ, ಪಾಸ್‌ವರ್ಡ್ ಕೂಡ ಇಡಬಹುದು. ದುಡ್ಡು ಕೊಡುವುದಾದರೆ ನಾನು ಕೊಡುವುದು ಇದಕ್ಕೇ.

ಗೂಗಲ್ ಡ್ರೈವ್ ಅನ್ನು ಮೂಲ ಫೈಲ್ ಇಡಲು ಬಳಸಿ, ನೋಡಲು ಕೊಡಬೇಡಿ. ಈಗಷ್ಟೇ ಹಾಕಿದ ವಿಡಿಯೋ "ಇನ್ನೂ ಪ್ರೊಸೆಸ್ ಆಗುತ್ತಿದೆ" ಎನ್ನುತ್ತಿರುತ್ತದೆ. ಕಾಲೇಜು ಕೊಟ್ಟ ಖಾತೆಯಿಂದ ಶೇರ್ ಮಾಡಿದರೆ ಎಷ್ಟೋ ಸಲ ಸಂಸ್ಥೆಯ ಒಳಗಿನವರಿಗೆ ಮಾತ್ರ ತೆರೆಯುತ್ತದೆ, ಕೋರ್ಸ್ ಮುಗಿದ ಮೇಲೆ ಆ ಖಾತೆಯನ್ನೇ ಮುಚ್ಚಬಹುದು. ಸ್ವಂತ ಖಾತೆಯಿಂದ, "ಲಿಂಕ್ ಇರುವ ಯಾರಾದರೂ" ಎಂದಿಟ್ಟು, ಲಾಗಿನ್ ಆಗದ ಬ್ರೌಸರ್‌ನಲ್ಲಿ ತೆರೆದು ನೋಡಿ. ಈ ಒಂದು ಪರೀಕ್ಷೆ ಬಿಟ್ಟಿದ್ದರಿಂದ ಹಾಳಾದ ಸಬ್ಮಿಷನ್‌ಗಳೇ ಜಾಸ್ತಿ.

ಗೇಮ್ ಮತ್ತು ಇಂಟರ‍್ಯಾಕ್ಟಿವ್ ಕೆಲಸಕ್ಕೆ ಇಚ್.ಐಓ (itch.io) ಎಂಬ ತಾಣ ನನಗೆ ಇಷ್ಟ. ಪಾಸ್‌ವರ್ಡ್ ಇಡಬಹುದು, ವೆಬ್ ಬಿಲ್ಡ್ ಮತ್ತು ಡೌನ್‌ಲೋಡ್ ಎರಡನ್ನೂ ಒಂದೇ ಪುಟದಲ್ಲಿ ಕೊಡಬಹುದು. ಮಿತಿ ಗೊತ್ತಿರಲಿ: ಬ್ರೌಸರ್‌ನಲ್ಲಿ ಓಡುವ ಜಿಪ್ ಬಿಚ್ಚಿದಾಗ 1,000 ಫೈಲ್ ದಾಟಬಾರದು, ಒಟ್ಟು 500 ಎಂಬಿ, ಒಂದೊಂದು ಫೈಲ್ 200 ಎಂಬಿಯೊಳಗೆ. ಗಿಟ್‌ಹಬ್ 100 ಎಂಬಿಗಿಂತ ದೊಡ್ಡ ಫೈಲನ್ನು ಒಪ್ಪುವುದೇ ಇಲ್ಲ. ಹಗುರ ವೆಬ್ ಆರ್ಟ್‌ಗೆ ಅದು ಚೆಂದ, ವಿಡಿಯೋ ಭಾರ ಇರುವುದಕ್ಕೆ ಬೇಡ.

ವರ್ಚುವಲ್ ಗ್ಯಾಲರಿಗಳ ಬಗ್ಗೆ ಸ್ವಲ್ಪ ಎಚ್ಚರ. ಲಾಕ್‌ಡೌನ್ ದಿನಗಳಲ್ಲಿ ಎಷ್ಟೋ ಆನ್‌ಲೈನ್ ಶೋಗಳು ಮೊಜಿಲ್ಲಾ ಹಬ್ಸ್‌ನಲ್ಲಿ ನಡೆದವು. 2024ರ ಮೇ 31ಕ್ಕೆ ಮೊಜಿಲ್ಲಾ ಅದನ್ನು ಮುಚ್ಚಿತು. ಕೋಡಿಂಗ್ ಕಲಿಯುವವರ ಅಚ್ಚುಮೆಚ್ಚಿನ ಗ್ಲಿಚ್ ತಾಣ ಕೂಡ 2025ರ ಜುಲೈಯಲ್ಲಿ ಹೋಸ್ಟಿಂಗ್ ನಿಲ್ಲಿಸಿತು. ಕೃತಿ ಅಂಥ ಜಾಗದಲ್ಲೇ ಹುಟ್ಟಿದ್ದರೆ ಅದರೊಳಗೆ ಓಡಾಡಿದ ರೆಕಾರ್ಡಿಂಗ್ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಇರಲೇಬೇಕು.

ಫೈಲ್ ಭಾರ ಮತ್ತು ನಿಮ್ಮ ಊರಿನ ನೆಟ್

ಇಲ್ಲಿ ಲೆಕ್ಕ ಹಾಕಿ ನೋಡಿ. ಹತ್ತು ನಿಮಿಷದ 1080ಪಿ ವಿಡಿಯೋವನ್ನು ಎಚ್.264ರಲ್ಲಿ 16 ಎಂಬಿಪಿಎಸ್ ಇಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಸುಮಾರು 1.2 ಜಿಬಿ. ಅದೇ ಎಡಿಟಿಂಗ್‌ಗೆ ಬಳಸುವ ಭಾರದ ಫಾರ್ಮ್ಯಾಟ್ ಪ್ರೊರೆಸ್ 422 ಆದರೆ 9 ಜಿಬಿ ಹತ್ತಿರ. ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದರೆ ಮೊದಲನೆಯದಕ್ಕೆ ಅರ್ಧ ಗಂಟೆ, ಎರಡನೆಯದಕ್ಕೆ ನಾಲ್ಕು ಗಂಟೆ. ಅಷ್ಟರಲ್ಲಿ ಕರೆಂಟು ಹೋಗದೇ ಇದ್ದರೆ. ಬ್ರಿಟನ್ನಿನ ಫೈನಲ್ ಸಬ್ಮಿಷನ್‌ಗಳು ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ನಮ್ಮಲ್ಲಿ ಗುಡುಗು ಮಳೆ ಬಂದು ಲೈನ್ ಹೋಗುವುದೂ ಅದೇ ತಿಂಗಳು. ರೂಟರ್‌ಗೆ ಚಿಕ್ಕ ಯುಪಿಎಸ್ ಇಡಿ, ಫೋನಿನ ಹಾಟ್‌ಸ್ಪಾಟ್ ಬೇರೆ ಕಂಪನಿಯ ಸಿಮ್‌ನಲ್ಲಿ ಇರಲಿ.

ಹಾಗಾಗಿ ಪ್ರೊರೆಸ್ ಬೇಡ, ಎಚ್.264 ಎಂಪಿ4 ಸಾಕು. ಫ್ರೇಮ್‌ಗಳನ್ನು ಪಿಎನ್‌ಜಿಯಾಗಿ ತೆಗೆದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೋ ಸಾಧನದಲ್ಲಿ ಜೋಡಿಸುವವರು ಪಿಕ್ಸೆಲ್ ಫಾರ್ಮ್ಯಾಟನ್ನು ವೈಯುವಿ420ಪಿ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅದು ವೈಯುವಿ444ಪಿ ಎಂಬ ಬೇರೆ ಫಾರ್ಮ್ಯಾಟ್‌ನಲ್ಲಿ ಮಾಡುತ್ತದೆ. ನಿಮ್ಮ ವಿಎಲ್‌ಸಿಯಲ್ಲಿ ಚೆನ್ನಾಗಿ ಓಡುತ್ತದೆ, ಅವರ ಮ್ಯಾಕ್‌ನ ಕ್ವಿಕ್‌ಟೈಮ್‌ನಲ್ಲಿ ಓಡುವುದಿಲ್ಲ.

ಸಮಯದ ಲೆಕ್ಕವನ್ನೂ ಮಾಡಿ. ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ನಮಗೂ ಅವರಿಗೂ ಆಗ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದ ಐದೂವರೆ ಅಲ್ಲ. ಅವರ ಮಧ್ಯಾಹ್ನ 12 ಎಂದರೆ ನಮ್ಮ ಸಂಜೆ 4:30. ರಾತ್ರಿ 11:59 ಎಂದರೆ ನಮ್ಮ ಮರುದಿನ ಬೆಳಗಿನ ಜಾವ 4:29. ನ್ಯೂಯಾರ್ಕ್‌ನ 11:59 ಮೇ ತಿಂಗಳಲ್ಲಿ ನಮ್ಮ ಮರುದಿನ ಬೆಳಿಗ್ಗೆ 9:29.

ಪೆನ್‌ಡ್ರೈವ್ ಕೊರಿಯರ್ ಮಾಡುವುದು? ಕಾಲೇಜು ಕೇಳಿದರೆ ಮಾತ್ರ. ಆಗ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿ. ಮ್ಯಾಕ್, ವಿಂಡೋಸ್ ಎರಡೂ ಓದುತ್ತವೆ, ಫ್ಯಾಟ್32ರ 4 ಜಿಬಿ ಮಿತಿಯೂ ಇಲ್ಲ.

ಕೃತಿಯೊಳಗೆ ಕನ್ನಡ ಇದ್ದರೆ

ನಮ್ಮವರ ಪ್ರಾಜೆಕ್ಟ್‌ಗಳಲ್ಲಿ ಕನ್ನಡ ಅಕ್ಷರ, ಕನ್ನಡ ಮಾತು ಇರುವುದು ಈಗ ಹೆಚ್ಚು. ಖುಷಿಯ ವಿಷಯ. ಆದರೆ ದೂರದ ಮೌಲ್ಯಮಾಪನದಲ್ಲಿ ಮೊದಲು ಮುರಿಯುವುದೂ ಅದೇ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಅವರ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಯೂನಿಕೋಡ್‌ಗೆ ಬನ್ನಿ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಟಿರೋ ಕನ್ನಡ ಎಲ್ಲಾ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಪೋಸ್ಟರ್, ಟೈಟಲ್ ಕಾರ್ಡ್‌ಗಳನ್ನು ಇಲಸ್ಟ್ರೇಟರ್‌ನಲ್ಲಿ ಔಟ್‌ಲೈನ್ ಮಾಡಿ ಕಳಿಸಿ. ಇನ್‌ಡಿಸೈನ್‌ನಲ್ಲಿ ಪ್ರೊಸೆಸ್ ಬುಕ್ ಮಾಡುವಾಗ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಬೀದಿಗೆ ಬೀಳುತ್ತವೆ.

ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋ ಇನ್ನೂ ಮೋಸದ್ದು. ಫಾಂಟ್ ಇರುತ್ತದೆ, ಅಕ್ಷರಗಳೂ ಕಾಣುತ್ತವೆ, ಆದರೆ ಒತ್ತಕ್ಷರ ಕಟ್ಟುವುದು ಅದಕ್ಕೆ ಗೊತ್ತಿಲ್ಲ. "ಕನ್ನಡ" ಎಂದು ಕೊಟ್ಟರೆ ನ ಕೆಳಗೆ ಬರಬೇಕಾದ ಒತ್ತು ಬರದೆ, ಅರ್ಧ ನ್ ಪಕ್ಕಕ್ಕೆ ಪೂರ್ತಿ ನ ಬಂದು ಕೂರುತ್ತದೆ. ಲಂಡನ್ನಿನ ಎಕ್ಸಾಮಿನರ್‌ಗೆ ಇದು ಗೊತ್ತಾಗುವುದಿಲ್ಲ. ಬೆಂಗಳೂರಿನ ಜ್ಯೂರಿಯಲ್ಲಿ ಕನ್ನಡ ಓದುವ ಒಬ್ಬರಿದ್ದರೂ ಮೊದಲು ಕಾಣುವುದು ಅದೇ. ಕನ್ನಡ ಬರಹ ಕಡಿಮೆ ಇದ್ದರೆ ಚಿತ್ರ ಮಾಡಿ ಅಂಟಿಸಿಬಿಡಿ. ಜಾಸ್ತಿ ಇದ್ದರೆ ಗೋಡೋ 4 ನೋಡಿ, ಅದರಲ್ಲಿ ಒತ್ತಕ್ಷರ ಕಟ್ಟುವ ಹಾರ್ಫ್‌ಬಝ್ ಲೈಬ್ರರಿ ಇರುವುದರಿಂದ ಕನ್ನಡ ಸರಿಯಾಗಿ ಬರುತ್ತದೆ. ಪಿ5ರಲ್ಲಿ ಫಾಂಟ್ ಫೈಲನ್ನು ಕೋಡ್‌ನಿಂದ ಲೋಡ್ ಮಾಡುವ ಬದಲು ಸಿಎಸ್‌ಎಸ್‌ನಲ್ಲಿ ಸೇರಿಸಿ ಹೆಸರಿನಿಂದ ಕರೆದರೆ ಬ್ರೌಸರೇ ಅಕ್ಷರ ಕಟ್ಟಿಕೊಡುತ್ತದೆ. ವೆಬ್‌ಜಿಎಲ್ ಮೋಡ್‌ನಲ್ಲಿ ಬೇಕಾದರೆ ಪಕ್ಕದ 2ಡಿ ಗ್ರಾಫಿಕ್ಸ್‌ನಲ್ಲಿ ಬರೆದು ಅದನ್ನೇ ಟೆಕ್ಸ್ಚರ್ ಆಗಿ ಹಚ್ಚಿ.

ಮಾತು ಇದ್ದರೆ ಸಬ್‌ಟೈಟಲನ್ನು ವಿಡಿಯೋದಲ್ಲೇ ಸುಟ್ಟು (ಚಿತ್ರದ ಭಾಗವಾಗಿಯೇ ಅಚ್ಚೊತ್ತಿ) ಕಳಿಸುವುದಾ, ಬೇರೆ ಫೈಲಾ? ಮೌಲ್ಯಮಾಪನಕ್ಕೆ ಸುಟ್ಟದ್ದೇ ಸರಿ. ಆನ್ ಮಾಡುವ ಕೆಲಸ ಅವರಿಗೆ ಬೇಡ. ನಿಮ್ಮ ಹತ್ತಿರ ಸಬ್‌ಟೈಟಲ್ ಇಲ್ಲದ ಮೂಲವೂ ಇರಲಿ, ಊರಲ್ಲಿ ತೋರಿಸುವಾಗ ಬೇಕಾಗುತ್ತದೆ.

ಇನ್‌ಸ್ಟಲೇಷನ್ ಮಾಡಿದವರ ಪಾಡು

ಕೋಣೆ ತುಂಬುವ ಕೆಲಸವನ್ನು ದೂರದಿಂದ ಒಪ್ಪಿಸುವುದು ಕಷ್ಟವೇ. ದಾರಿ ಎರಡು: ನೀವಿರುವಲ್ಲೇ ಕಟ್ಟಿ ವಿಡಿಯೋ ಮಾಡುವುದು, ಇಲ್ಲವೇ ಅಲ್ಲಿ ಬೇರೆಯವರಿಂದ ಕಟ್ಟಿಸುವುದು.

ಇಲ್ಲೇ ಕಟ್ಟುವುದಾದರೆ ಮದುವೆ ಮಂಟಪ, ಶಾಲೆಯ ಸಭಾಂಗಣ, ಖಾಲಿ ಗೋದಾಮು ಯಾವುದಾದರೂ ಆಗುತ್ತದೆ. ಒಂದು ದಿನಕ್ಕೆ ಕೇಳಿದರೆ ಕೊಡುತ್ತಾರೆ. ಫ್ರೇಮಿನಲ್ಲಿ ಒಬ್ಬ ಮನುಷ್ಯ ನಿಂತಿರಲಿ, ಗಾತ್ರ ಗೊತ್ತಾಗುತ್ತದೆ. ಪ್ರೊಜೆಕ್ಷನ್ ಶೂಟ್ ಮಾಡುವಾಗ ಫೋನಿನ ಎಕ್ಸ್‌ಪೋಶರ್ ಲಾಕ್ ಮಾಡಿ. ಇಲ್ಲದಿದ್ದರೆ ದೃಶ್ಯ ಬದಲಾದಾಗಲೆಲ್ಲ ಕೋಣೆ ಬೆಳಗಿ ಕಪ್ಪಾಗುತ್ತದೆ. ಕೋಣೆಯ ಸದ್ದನ್ನೂ ಬೇರೆಯಾಗಿ ರೆಕಾರ್ಡ್ ಮಾಡಿ, ಮೂಲ ಆಡಿಯೋ ಜೊತೆ ಮಿಕ್ಸ್ ಮಾಡಿದರೆ ಜಾಗದ ಅನುಭವ ಬರುತ್ತದೆ.

ಅಲ್ಲಿ ಟೆಕ್ನಿಷಿಯನ್ ಅಥವಾ ಗೆಳೆಯರು ಕಟ್ಟುವುದಾದರೆ ಒಂದೇ ಪುಟದ ಸೂಚನೆ ಕೊಡಿ. ಯಾವ ಪ್ಲಗ್ ಮೊದಲು, ವಾಲ್ಯೂಮ್ ಎಷ್ಟು, ನಿಂತರೆ ಏನು ಮಾಡಬೇಕು, ಸರಿಯಾಗಿ ನಡೆಯುವಾಗ ಹೇಗೆ ಕಾಣಬೇಕು ಎನ್ನುವ ಒಂದು ಫೋಟೋ. ಸೆನ್ಸರ್ ಇರುವ ಕೃತಿಯನ್ನು, ಪ್ರೊಜೆಕ್ಷನ್ ಮ್ಯಾಪಿಂಗನ್ನು (ಗೋಡೆ, ವಸ್ತುವಿನ ಆಕಾರಕ್ಕೆ ಹೊಂದಿಸಿ ದೃಶ್ಯ ಬಿಡುವುದನ್ನು) ಹೀಗೆ ಬೇರೆಯವರ ಕೈಗೆ ಕೊಡಲು ನನಗೆ ಧೈರ್ಯ ಇಲ್ಲ. ಮ್ಯಾಪಿಂಗ್ ಮಾಡಿದವರು ಚಿಕ್ಕ ಮಾಡೆಲ್ ಮೇಲೆ ಕೆಲಸ ತೋರಿಸಿ, ನಿಜವಾದ ಗೋಡೆಯ ಅಳತೆ ಮತ್ತು ನಕ್ಷೆಯನ್ನು ಪ್ರೊಸೆಸ್ ಬುಕ್‌ನಲ್ಲಿ ಕೊಡುವುದು ಮೇಲು.

ಪ್ರೊಸೆಸ್ ಬುಕ್: ಪಿಡಿಎಫಾ, ವೆಬ್‌ಸೈಟಾ?

ಪಿಡಿಎಫ್. ವೆಬ್‌ಸೈಟ್ ನೋಡಲು ಚೆಂದ, ಆದರೆ ಡೆಡ್‌ಲೈನ್ ಆದಮೇಲೆ ನೀವು ಅದನ್ನು ಬದಲಿಸಿಲ್ಲ ಎಂದು ತೋರಿಸುವುದು ಕಷ್ಟ. ಕೋರ್ಸ್ ವೆಬ್‌ಸೈಟನ್ನೇ ಕೇಳಿದ್ದರೆ ಅದರ ಒಂದು ಪಿಡಿಎಫ್ ಪ್ರತಿ ಮಾಡಿಡಿ. ಒಳಗೆ ಯಾವುದು ನೀವು ಮಾಡಿದ್ದು, ಯಾವುದು ಕೊಂಡ ಅಸೆಟ್, ಯಾವುದು ಕ್ರಿಯೇಟಿವ್ ಕಾಮನ್ಸ್, ಎಐ ಬಳಸಿದ್ದು ಎಲ್ಲಿ ಎಂದು ಒಂದು ಪುಟ ಇರಲಿ. ಎದುರಿಗೆ ಕೂತಿದ್ದರೆ ಬಾಯಲ್ಲಿ ಹೇಳಬಹುದಿತ್ತು. ಪಿಡಿಎಫ್‌ನ ಮೊದಲ ಪುಟದಲ್ಲೇ ಲಿಂಕ್‌ಗಳು, ಪಾಸ್‌ವರ್ಡ್, ಎಷ್ಟು ನಿಮಿಷ ಬೇಕು, ಹೆಡ್‌ಫೋನ್ ಬೇಕಾ, ಯಾವ ಬ್ರೌಸರ್‌ನಲ್ಲಿ ಪರೀಕ್ಷೆ ಮಾಡಿದ್ದೀರಿ ಎನ್ನುವುದು. ಲಿಂಕನ್ನು ಬರೀ "ಇಲ್ಲಿ ಒತ್ತಿ" ಎಂದು ಅಡಗಿಸಬೇಡಿ. ಪ್ರಿಂಟ್ ತೆಗೆದುಕೊಂಡು ಓದುವವರು ಇನ್ನೂ ಇದ್ದಾರೆ, ಪೂರ್ತಿ ವಿಳಾಸ ಕಾಣಲಿ.

ಸಬ್ಮಿಟ್ ಆದಮೇಲೆ ಪೋರ್ಟಲ್ ಕೊಡುವ ರಸೀದಿ ಮೇಲನ್ನು ಉಳಿಸಿ. ಫಲಿತಾಂಶ ಬರುವ ತನಕ ಆ ಫೋಲ್ಡರ್‌ಗಳನ್ನು, ಆ ಲಿಂಕ್‌ಗಳನ್ನು ಮುಟ್ಟಬೇಡಿ. ಹೆಸರು ಬದಲಿಸುವುದೂ ಬೇಡ. ಸಣ್ಣ ಬಗ್ ಕಂಡರೂ ಹೊಸ ಪುಟದಲ್ಲಿ ಹೊಸ ಬಿಲ್ಡ್ ಹಾಕಿಕೊಳ್ಳಿ, ಹಳೆಯದು ಹಾಗೇ ಇರಲಿ.